ಕೆನಡಾ ಪಿಆರ್ ಇದ್ದರೂ ಟಿಎನ್ ಯಾಕೆ ಸಿಗಲ್ಲ

ಕೆನಡಾದ ಪಿಆರ್ (ಅಲ್ಲಿ ಕಾಯಂ ವಾಸಕ್ಕೆ ಅನುಮತಿ) ಇದ್ದರೂ ಅಮೆರಿಕದ ಕಂಪನಿ ಟಿಎನ್ (ಕೆಲವು ವೃತ್ತಿಗಳವರಿಗೆ ಅಮೆರಿಕ ಕೊಡುವ ಕೆಲಸದ ವೀಸಾ) ಆಗಲ್ಲ ಅಂದಿದೆ, ಯಾಕೆ, ಮುಂದೇನು ಅಂತ ಕೇಳಿದ್ದೀರಿ. ಕಾರಣ ನಿಮ್ಮ ಭಾರತದ ಪಾಸ್‌ಪೋರ್ಟ್. ಟಿಎನ್ ಸಿಗುವುದು ಕೆನಡಾ, ಮೆಕ್ಸಿಕೊ ನಾಗರಿಕರಿಗೆ ಮಾತ್ರ. ಪಿಆರ್ ಕಾರ್ಡ್ ಅಲ್ಲಿ ಲೆಕ್ಕಕ್ಕಿಲ್ಲ.

ಹಾಗಾಗಿ ಟಿಎನ್ ಬೇಕೆಂದರೆ ಕೆನಡಾ ಪೌರತ್ವ ಬೇಕು. ಅದಕ್ಕೆ ಮೊದಲು ದಿನ ಎಣಿಸಿ. ಪೌರತ್ವದ ಅರ್ಜಿಗೆ ಹಿಂದಿನ 5 ವರ್ಷದಲ್ಲಿ 1,095 ದಿನ ಕೆನಡಾದಲ್ಲಿ ಇದ್ದಿರಬೇಕು. ಪಿಆರ್‌ಗೆ ಮುಂಚೆ ಅಲ್ಲಿ ಓದಿದ ಒಂದೊಂದು ದಿನಕ್ಕೂ ಅರ್ಧ ದಿನ ಸಿಗುತ್ತದೆ, ಹೆಚ್ಚೆಂದರೆ 365. ಹಬ್ಬಕ್ಕೆ ತುಮಕೂರಿಗೆ ಬಂದು ಕೂತ ದಿನಗಳು ಸೇರಲ್ಲ. ಬೆಂಗಳೂರು ಏರ್‌ಪೋರ್ಟಿನ ಸೀಲುಗಳನ್ನು ನೋಡಿ ಬರೆದುಕೊಳ್ಳಿ.

ಸ್ವಲ್ಪವೇ ಕಮ್ಮಿ ಇದ್ದರೆ ಅಲ್ಲೇ ಇದ್ದು ಮುಗಿಸಿ, ಆಮೇಲೆ ಟಿಎನ್ ನೋಡಿ. ನಿಮ್ಮ ಕೆಲಸ ಟಿಎನ್ ಪಟ್ಟಿಯಲ್ಲಿದೆಯಾ ಅಂತ ನೀವು ಬರೆದಷ್ಟರಲ್ಲಿ ಹೇಳಕ್ಕಾಗಲ್ಲ, ಕಂಪನಿಯನ್ನೇ ಕೇಳಿ. ಈಗಲೇ ಹೋಗಬೇಕೆಂದರೆ ಎಚ್-1ಬಿ, ಅಂದರೆ ಅಮೆರಿಕದ ಇನ್ನೊಂದು ಕೆಲಸದ ವೀಸಾ. ಅದು ಲಾಟರಿ, ಸುಮ್ನೆ ನಂಬಿ ಕೆಲಸ ಬಿಡಬೇಡಿ. ಅದು ಸಿಕ್ಕಿ ಅಮೆರಿಕಕ್ಕೆ ಹೋದರೂ 5 ವರ್ಷಕ್ಕೆ 730 ದಿನ ಕೆನಡಾದಲ್ಲಿ ಇರದಿದ್ದರೆ ಪಿಆರ್‌ಗೇ ಕುತ್ತು.

ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸಕ್ಕೆ ಅನುಮತಿ) ಸರದಿ ಹುಟ್ಟಿದ ದೇಶದ ಲೆಕ್ಕ. ಕೆನಡಾ ಪಾಸ್‌ಪೋರ್ಟ್ ಬಂದರೂ ನೀವು ಭಾರತದ ಉದ್ದ ಸಾಲಿನಲ್ಲೇ.

ಗುಬ್ಬಿಯ ತೆಂಗಿನ ತೋಟ ಕೈಬಿಡುತ್ತಾ ಅಂತಾನೂ ಕೇಳಿದ್ದೀರಿ. ಕೆನಡಾ ಪೌರತ್ವ ಬಂದರೆ ಭಾರತದ್ದು ಹೋಗುತ್ತದೆ, ಒಸಿಐ (ಭಾರತ ಮೂಲದ ವಿದೇಶಿ ನಾಗರಿಕರಿಗೆ ಭಾರತ ಕೊಡುವ ಕಾರ್ಡ್) ಮಾಡಿಸಬೇಕು. ಅಪ್ಪನ ತೋಟ ವಾರಸಿನಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ. ಪಕ್ಕದ ಜಮೀನು ಹೊಸದಾಗಿ ಕೊಳ್ಳುವಂತಿಲ್ಲ, ಹೊರದೇಶದಲ್ಲಿ ನೆಲೆಸಿರುವ ನಿಮಗೆ ಅದು ಈಗಲೂ ಅಷ್ಟೇ.