ಮಳೆಗಾಲದ ಓದು, ಇಪ್ಪತ್ತೆಂಟು, ಮತ್ತೆ ಆ ಕತೆಯಾಟ

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನನಗೆ 41. ಹೋದ ವರ್ಷ ಒಂದು ನೋಟ್‌ಬುಕ್ ಇಟ್ಟುಕೊಂಡು ನನ್ನ ಹವ್ಯಾಸದ್ದೆಲ್ಲಾ ಬರೆದಿಟ್ಟೆ. ಓದಿದ್ದು 31 ಪುಸ್ತಕ, ಅದರಲ್ಲಿ 19 ಜೂನ್‌ನಿಂದ ಆಗಸ್ಟ್ ಒಳಗೆ. ಭಾನುವಾರ ದೊಡ್ಡಪ್ಪನ ಜೊತೆ ಇಸ್ಪೀಟು, ಇಪ್ಪತ್ತೆಂಟು ಅನ್ನೋ ಆಟ. ಮೇ ರಜೆಗೆ ಅಕ್ಕನ ಮಕ್ಕಳು ಬೆಂಗಳೂರಿಂದ ಬಂದಾಗ ಡಂಜನ್ಸ್ ಅಂಡ್ ಡ್ರಾಗನ್ಸ್ ಶುರು ಮಾಡಿದೆವು. ಮೇನಲ್ಲಿ ಏಳು ಸಲ ಕೂತೆವು, ದಸರಾ ರಜೆಯಲ್ಲಿ ಎರಡು ಸಲ, ಪುತ್ತರಿ ಹಬ್ಬಕ್ಕೆ ಬಂದಾಗ ಯಾರೂ ಡೈಸ್ ಎಲ್ಲಿ ಅಂತ ಕೂಡ ಕೇಳಲಿಲ್ಲ. ಆ ಆಟಕ್ಕೆ ಅಂತ ನಾನು 40 ಪುಟ ಬರೆದಿದ್ದೆ ಸರ್. ಏಳು ರಾಜ್ಯ, ರಾಜರ ವಂಶಾವಳಿ, ಎಲ್ಲಾ. ಅವರು ಮೊದಲ ಊರಿನ ಸಂತೆ ಬಿಟ್ಟು ಕದಲಲೇ ಇಲ್ಲ. ಹೆಂಡತಿ "ಮೂರರಲ್ಲಿ ಒಂದು ಬಿಡಿ" ಅಂತಾಳೆ. ಯಾವುದು ಬಿಡಲಿ?

ಉತ್ತರ: ಯಾವುದನ್ನೂ ಬಿಡಬೇಡಿ. ಆ 40 ಪುಟ ಬಿಡಿ.

ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಹೊರತಂದ ಆಟ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ. "ನಾನು ಗೋಡೆ ಹಾರ್ತೀನಿ" ಅಂತ ಒಬ್ಬ ಹೇಳಿದರೆ ಹಾರಿದನೋ ಬಿದ್ದನೋ ಅನ್ನುವುದನ್ನು 20 ಮುಖದ ಡೈಸ್ ಹೇಳುತ್ತದೆ. ಹಲಗೆ, ಕಾಯಿ ಇಲ್ಲದಿದ್ದರೂ ನಡೆಯುತ್ತದೆ. ಇದರ ಮೂಲ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಬಿಟ್ಟಿದ್ದಾರೆ, ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಇರುವುದು ಇಂಗ್ಲಿಷಿನಲ್ಲಿ, ಆದರೆ ಮೇಜಿನ ಸುತ್ತ ಕೂತ ಮೇಲೆ ಕನ್ನಡವೋ ಕೊಡವ ತಕ್ಕೋ ಅರೆಭಾಷೆಯೋ, ನಿಮ್ಮಿಷ್ಟ.

ಮಕ್ಕಳು ಸಂತೆ ಬಿಟ್ಟು ಕದಲಲಿಲ್ಲ ಅಂದಿರಲ್ಲ, ಅವರಿಗೆ ಸಂತೆ ಇಷ್ಟ ಆಗಿದೆ ಅಂತ ಅರ್ಥ! ಕತೆ ಅಲ್ಲೇ ಇತ್ತು, ನೀವು ಏಳನೇ ರಾಜ್ಯದಲ್ಲಿ ಕಾಯುತ್ತಾ ಕೂತಿದ್ದಿರಿ. ಮೆಣಸಿನ ವ್ಯಾಪಾರಿ ಜೊತೆ ಅವರು ಚೌಕಾಸಿ ಮಾಡುತ್ತಿದ್ದರೆ ಅವನ ತಕ್ಕಡಿಯಲ್ಲೇ ಮೋಸ ಇಡಿ. ಮೆಣಸಿನ ಮೂಟೆಯಲ್ಲಿ ಯಾರದೋ ಉಂಗುರ ಇಡಿ. ವಂಶಾವಳಿ ಯಾರಿಗೆ ಬೇಕು ಹೇಳಿ? ನಾನೂ ಒಂದು ಸಲ ಹೀಗೇ ಮಾಡಿ, ಮೂರು ರಾತ್ರಿ ಕೂತು ನಕ್ಷೆ ಬರೆದು, ಬಣ್ಣ ಕೂಡ ಹಚ್ಚಿ, ಕೊನೆಗೆ ಅದರ ಮೇಲೆ ಕಾಫಿ ಲೋಟ ಇಡೋಕೆ ಬಳಸಿದ್ದಾಯಿತು.

ಮುಂದಿನ ಸಲಕ್ಕೆ ಒಂದೇ ಪುಟ ಬರೆಯಿರಿ. ಒಂದು ಜಾಗ, ಏನೋ ಬೇಕಾಗಿರುವ ಒಬ್ಬ ಮನುಷ್ಯ, ಕೆಡುತ್ತಿರುವ ಒಂದು ಕೆಲಸ, ಅಷ್ಟು ಸಾಕು. ಜಾಗಕ್ಕೆ ಬೇರೆಯವರ ಕೋಟೆ ಯಾಕೆ? ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದಿದ್ದ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ಮಳೆ, ಕಾಡು, ಕತ್ತಲೆ ಕೋಣೆ, ಒಳಗೆ ಅಡಗಿರುವವನು ಯಾರು ಅಂತ ಗೊತ್ತಿಲ್ಲ. ಇದಕ್ಕಿಂತ ಬೇರೆ ಏನು ಬೇಕು? ಒಂದು ಕಿವಿಮಾತು: ಯಾರದೇ ಮನೆಯ ಗುರುಕಾರೋಣನನ್ನಾಗಲಿ (ಮನೆತನದವರು ಪೂಜಿಸುವ ಹಿರಿಯ) ದೈವವನ್ನಾಗಲಿ ಆಟದೊಳಗೆ ರಾಕ್ಷಸ ಮಾಡಬೇಡಿ. ಮಕ್ಕಳು ನಗುತ್ತಾರೆ, ದೊಡ್ಡಪ್ಪ ಎದ್ದು ಹೋಗುತ್ತಾರೆ.

ಇನ್ನು ಸಮಯ. ನಿಮ್ಮ ನೋಟ್‌ಬುಕ್ಕೇ ಉತ್ತರ ಹೇಳುತ್ತಿದೆ, ನೀವು ಓದಿಲ್ಲ ಅಷ್ಟೆ. ಕರೆಂಟು ಹೋಗಿ, ಮರ ಬಿದ್ದು, ರಸ್ತೆ ಮುಚ್ಚಿರುವ ಮೂರು ತಿಂಗಳಲ್ಲಿ 19 ಪುಸ್ತಕ. ಕಾಫಿ ಕೊಯ್ಲು ಶುರುವಾದ ಮೇಲೆ ಓದೋದಿರಲಿ, ರಾತ್ರಿ ಊಟ ಮಾಡುತ್ತಲೇ ನಿದ್ದೆ ಬರುತ್ತೆ ಅಲ್ವಾ? ಹಾಗಿರುವಾಗ ತಿಂಗಳಿಗೆ ಇಷ್ಟು ಪುಸ್ತಕ ಅಂತ ಲೆಕ್ಕ ಇಟ್ಟು ಜನವರಿಯಲ್ಲಿ ಬೇಜಾರು ಮಾಡಿಕೊಳ್ಳೋದು ಸುಮ್ನೆ. ದಪ್ಪ ಕಾದಂಬರಿ ಮಳೆಗೆ ಇಡಿ. ಕೊಯ್ಲಿನ ದಿನಗಳಿಗೆ ಸಣ್ಣಕತೆ. ಕತೆಗಾರ್ತಿ ಕೊಡಗಿನ ಗೌರಮ್ಮನವರನ್ನು ಓದದಿದ್ದರೆ ಅಲ್ಲಿಂದಲೇ ಶುರು ಮಾಡಿ. ಅವರು ಬದುಕಿದ್ದು 1912ರಿಂದ 1939ರವರೆಗೆ ಮಾತ್ರ, ಒಂದು ಕತೆ ಒಂದು ಕಾಫಿ ಕುಡಿಯೋ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಎರಡು ದಿನ ತಲೆಯಲ್ಲಿ ಕೂತಿರುತ್ತದೆ. ಕತೆಯಾಟ ಮಕ್ಕಳ ರಜೆಗೆ. ಇಸ್ಪೀಟು ದೊಡ್ಡಪ್ಪ ಕರೆದಾಗ.

ಪ್ರಶ್ನೆ: 20 ಮುಖದ ಡೈಸ್ ಕಾಫಿ ಕಣದಲ್ಲಿ ಕಳೆದುಹೋಯಿತು. ಇಲ್ಲಿ ಅಂಗಡಿಯಲ್ಲಿ ಸಿಗೋದಿಲ್ಲ. ಕವಡೆ ಹಾಕಬಹುದಾ? (ವಿರಾಜಪೇಟೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಕಣದಲ್ಲಿ ಹೋದದ್ದು ಸಿಗುವುದು ಕಷ್ಟ ಬಿಡಮ್ಮ. ಕವಡೆ ಹಾಕಬಹುದು, ಆದರೆ ಲೆಕ್ಕ ಬೇರೆ. ಚೌಕಾಬಾರದ ನಾಲ್ಕು ಕವಡೆ ಎಸೆದರೆ, ಪ್ರತಿ ಕವಡೆಯೂ ಎರಡೂ ಕಡೆ ಸಮವಾಗಿ ಬೀಳುತ್ತದೆ ಅಂತಲೇ ಇಟ್ಟುಕೊಂಡರೂ, ಎರಡು ಕವಡೆ ಬಾಯಿ ಮೇಲಾಗಿ ಬೀಳುವುದು 16ರಲ್ಲಿ 6 ಸಲ, ನಾಲ್ಕೂ ಹಾಗೆ ಬೀಳುವುದು 16ರಲ್ಲಿ ಒಂದೇ ಸಲ. ಡೈಸಿನಲ್ಲಿ ಹಾಗಲ್ಲ, ಪ್ರತಿ ಮುಖಕ್ಕೂ 5 ಶೇಕಡಾ.

ಅದಕ್ಕಿಂತ ಇಸ್ಪೀಟಿನ ಕಟ್ಟು ಒಳ್ಳೆಯದು. ಆಟೀನು ಎಕ್ಕದಿಂದ ಹತ್ತರವರೆಗೆ, ಇಸ್ಪೀಟು ಎಕ್ಕದಿಂದ ಹತ್ತರವರೆಗೆ ತೆಗೆದುಕೊಳ್ಳಿ. ಒಟ್ಟು 20 ಎಲೆ. ಆಟೀನಿಗೆ ಇದ್ದ ಅಂಕ, ಇಸ್ಪೀಟಿಗೆ ಹತ್ತು ಸೇರಿಸಿ. ಎಳೆದ ಎಲೆ ವಾಪಸ್ ಹಾಕಿ ಕಲೆಸಿದರೆ ಥೇಟ್ ಡೈಸ್. ವಾಪಸ್ ಹಾಕದೆ ಆಡಿ ನೋಡಿ, ಇನ್ನೂ ಮಜಾ. ಕೆಟ್ಟ ಎಲೆಗಳೆಲ್ಲಾ ಮೊದಲೇ ಹೋದವನು ಕೊನೆಯಲ್ಲಿ ಹುಲಿ, ಒಳ್ಳೆಯವು ಮುಗಿಸಿಕೊಂಡವನು ಬಾಗಿಲು ಕೂಡ ತೆಗೆಯಲಾರ. ನನಗೆ ಡೈಸಿಗಿಂತ ಇದೇ ಇಷ್ಟ.

ಪ್ರಶ್ನೆ: ಮಗನಿಗೆ ಇಪ್ಪತ್ತೆಂಟು ಕಲಿಸಬೇಕು ಅಂತ ಆಸೆ. ಅತ್ತೆ "ಮಗೂಗೆ ಜೂಜು ಕಲಿಸ್ತೀಯಾ" ಅಂತಾರೆ. (ಗೋಣಿಕೊಪ್ಪ)

ಉತ್ತರ: ದುಡ್ಡು ಇಡಬೇಡಿ, ಜೂಜಿನ ಮಾತು ಅಲ್ಲಿಗೇ ಮುಗಿಯಿತು. ಹುಣಸೆಬೀಜದಲ್ಲಿ ಲೆಕ್ಕ ಇಡಿ. ಅತ್ತೆಯನ್ನೇ ಒಬ್ಬ ಪಾಲುದಾರರನ್ನಾಗಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು, ಹೇಗೂ ನಾಲ್ಕು ಜನ ಬೇಕು.

ಆಟಕ್ಕೆ ಏಳರಿಂದ ಮೇಲಿನ 32 ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಒಂದು ಬಣ್ಣಕ್ಕೆ 7, ನಾಲ್ಕು ಬಣ್ಣಕ್ಕೆ 28, ಹೆಸರು ಬಂದಿದ್ದು ಅಲ್ಲಿಂದಲೇ. ರಾಜ, ರಾಣಿಗೆ ಸೊನ್ನೆ! ಮಕ್ಕಳಿಗೆ ಮೊದಲು ಇದೇ ಒಪ್ಪಿಗೆಯಾಗುವುದಿಲ್ಲ, ರಾಜನಿಗಿಂತ ಗುಲಾಮ ದೊಡ್ಡವನು ಹೇಗೆ ಅಂತ ಜಗಳ ತೆಗೆಯುತ್ತಾರೆ. ಮೊದಲ ವಾರ ತುರುಫನ್ನು (ಉಳಿದ ಬಣ್ಣಗಳನ್ನು ಹೊಡೆಯುವ ಬಣ್ಣ) ಮುಚ್ಚಿಡದೆ ಎಲ್ಲರಿಗೂ ಕಾಣುವ ಹಾಗೆ ಇಟ್ಟು ಆಡಿಸಿ. ಯಾವ ಗುಲಾಮ ಹೋಯಿತು, ಯಾವ ಒಂಬತ್ತು ಇನ್ನೂ ಕೈಯಲ್ಲಿದೆ ಅಂತ ನೆನಪಿಡುವುದು ಬಂದ ಮೇಲೆ ತುರುಫು ಮುಚ್ಚಿ.

ಪ್ರಶ್ನೆ: ಪ್ರತಿ ಮಳೆಗಾಲ ಪುಸ್ತಕಕ್ಕೆ ಬೂಸ್ಟು, ಇಸ್ಪೀಟು ಎಲೆ ಒಂದಕ್ಕೊಂದು ಅಂಟು. ಏನು ಮಾಡಲಿ? (ಭಾಗಮಂಡಲ)

ಉತ್ತರ: ಅಷ್ಟು ಮಳೆ ಹೊಯ್ಯುವ ಭಾಗಮಂಡಲದಲ್ಲಿದ್ದುಕೊಂಡು ಈ ಪ್ರಶ್ನೆ ಕೇಳಿದ್ದೀರಿ, ನಿಮಗೆ ನನಗಿಂತ ಜಾಸ್ತಿ ಗೊತ್ತಿರಬೇಕು! ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಜಾಗ ಬಿಡಿ. ಪುಸ್ತಕ ಬಿಗಿಯಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಬೂಸ್ಟು ಬಂದದ್ದನ್ನು ಬೇರೆಯವುಗಳಿಂದ ದೂರ ಇಟ್ಟು, ಒಣಗಿದ ಮೇಲೆ ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒರೆಸಿ. ಒದ್ದೆ ಬಟ್ಟೆ ಬೇಡ. ಇಸ್ಪೀಟು ಮಾತ್ರ ಪ್ಲಾಸ್ಟಿಕ್ಕಿನದೇ ತನ್ನಿ, ರಟ್ಟಿನದು ನಮ್ಮ ಜುಲೈ ತಡೆಯುವುದಿಲ್ಲ.