ಸದ್ದಿನ ಕಿಟ್ ಕೂಗುತ್ತಿದೆ, ಸರಿಯಾಗಿಯೇ ಕೂಗುತ್ತಿದೆಯಾ?

ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ಹಳೇ ರೇಡಿಯೊ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ಅಂಕಲ್, ನಾಯ್ಸ್ ಸಿಂಥ್ ಕಿಟ್ (ಕರೆಂಟ್‌ನಿಂದ ಚಿತ್ರವಿಚಿತ್ರ ಸದ್ದು ಹುಟ್ಟಿಸುವ ಪೆಟ್ಟಿಗೆ) ತರಿಸಿ ನಾನೇ ಜೋಡಿಸಿದೆ. 40106 ಐಸಿ ಒಂದು, ಆರು ನಾಬ್, ಕೊನೆಯಲ್ಲಿ ಸದ್ದು ದೊಡ್ಡದು ಮಾಡುವ 386 ಐಸಿ, ಸಣ್ಣ ಸ್ಪೀಕರ್. ಬ್ಯಾಟರಿ ಹಾಕಿದ ಕೂಡಲೇ ಕಿರುಚುತ್ತದೆ. ಒಂದು ನಾಬ್ ತಿರುಗಿಸಿದರೆ ಉಳಿದವುಗಳ ಸದ್ದೂ ಬದಲಾಗುತ್ತದೆ. ನಾಲ್ಕನೆಯದರಲ್ಲಿ ಸದ್ದೇ ಇಲ್ಲ, ಆದರೆ ಬೋರ್ಡಿನ ಅಡಿಗೆ ಬೆರಳು ತಾಗಿಸಿದರೆ ಸಣ್ಣಗೆ ಸಿಳ್ಳೆ ಬರುತ್ತದೆ. ಮಳೆ ಜೋರಾದ ದಿನ ಎಲ್ಲವೂ ಬೇರೆ ಥರ. ಹಾಳಾಗಿದೆಯಾ, ಇದರ ಗುಣವೇ ಹೀಗಾ?
— ಡಿಗ್ರಿ ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಸ್ವಲ್ಪ ಗುಣ, ಸ್ವಲ್ಪ ರಿಪೇರಿ. ರೇಡಿಯೊ ಕೆಟ್ಟರೆ ಸುಮ್ಮನಾಗುತ್ತದೆ, ಇಲ್ಲವೇ ಗೊರಗೊರ ಅನ್ನುತ್ತದೆ. ಕೆಟ್ಟಿದೆ ಎಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಈ ಕಿಟ್ ಸರಿಯಿದ್ದರೂ ಕಿರುಚುತ್ತದೆ, ಕೆಟ್ಟರೂ ಕಿರುಚುತ್ತದೆ. ಅದಕ್ಕೇ ಕಿವಿಯೊಂದನ್ನೇ ನಂಬಬೇಡಿ. ಮಲ್ಟಿಮೀಟರ್ ತಗೊಳ್ಳಿ, ಡಿಸಿ 20 ವೋಲ್ಟ್‌ಗೆ ಇಡಿ.

ಮೊದಲು 40106 ಐಸಿಯ 14ನೇ ಕಾಲು ಮತ್ತು 7ನೇ ಕಾಲಿನ ನಡುವೆ ಬ್ಯಾಟರಿಯ ವೋಲ್ಟೇಜ್ ಇದೆಯಾ ನೋಡಿ. ಆಮೇಲೆ ಕಪ್ಪು ತಂತಿಯನ್ನು 7ರಲ್ಲೇ ಇಟ್ಟು ಕೆಂಪು ತಂತಿಯನ್ನು 2, 4, 6, 8, 10, 12ನೇ ಕಾಲುಗಳಿಗೆ ಒಂದೊಂದಾಗಿ ತಾಗಿಸಿ. ಇವು ಐಸಿಯೊಳಗಿನ ಆರು ಇನ್ವರ್ಟರ್‌ಗಳ ಔಟ್‌ಪುಟ್ (ಮನೆಯ ಇನ್ವರ್ಟರ್ ಅಲ್ಲ, ಒಳಗೆ ಬಂದದ್ದು ಮೇಲಿದ್ದರೆ ಕೆಳಗೆ, ಕೆಳಗಿದ್ದರೆ ಮೇಲೆ ಮಾಡಿ ಕೊಡುವ ಭಾಗ). ಆಡುತ್ತಿರುವ ಔಟ್‌ಪುಟ್ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರುತ್ತದೆ. ಹಾಗಾಗಿ ಮೀಟರ್ ಬ್ಯಾಟರಿಯ ಹೆಚ್ಚುಕಮ್ಮಿ ಅರ್ಧ, ಅಂದರೆ ನಾಲ್ಕೂವರೆ ವೋಲ್ಟ್ ತೋರಿಸುತ್ತದೆ. ಸೊನ್ನೆಯಲ್ಲೋ ಒಂಬತ್ತರಲ್ಲೋ ಅಂಟಿಕೊಂಡಿದ್ದರೆ ಅದು ನಿಂತಿದೆ ಎಂದರ್ಥ. (ಸೆಕೆಂಡಿಗೆ ಒಂದೆರಡು ಸಲ ಟಕ್ ಟಕ್ ಅನ್ನುವಷ್ಟು ನಿಧಾನವಿದ್ದರೆ ಅಂಕಿ ಅತ್ತಿತ್ತ ಓಡಾಡುತ್ತದೆ, ಗಾಬರಿ ಬೇಡ.)

ನಿಮ್ಮ ನಾಲ್ಕನೆಯದು ಸತ್ತಿಲ್ಲ ಅಂತ ನನ್ನ ಅಂದಾಜು. 40106ರ ಒಳಗಿರುವುದು ಶ್ಮಿಟ್ ಟ್ರಿಗರ್, ಅಂದರೆ ಏರುವಾಗ ಒಂದು ವೋಲ್ಟೇಜ್‌ಗೆ, ಇಳಿಯುವಾಗ ಇನ್ನೊಂದಕ್ಕೆ ಮಗುಚುವ ಸ್ವಿಚ್. ನಾಬ್‌ನ ರೆಸಿಸ್ಟರ್ ಮೂಲಕ ಕಂಡೆನ್ಸರ್ ತುಂಬುತ್ತಾ ಹೋಗುತ್ತದೆ. ಹತ್ತು ವೋಲ್ಟ್ ಸಪ್ಲೈ ಇದ್ದರೆ ಸುಮಾರು 5.9 ವೋಲ್ಟ್ ಮುಟ್ಟಿದ ಕೂಡಲೇ ಔಟ್‌ಪುಟ್ ಮಗುಚುತ್ತದೆ. ಆಗ ಕಂಡೆನ್ಸರ್ ಖಾಲಿಯಾಗುತ್ತಾ 3.9ರ ಹತ್ತಿರ ಇಳಿದಾಗ ಮತ್ತೆ ಮಗುಚುತ್ತದೆ. ನೂರು ಕಿಲೋ ಓಮ್, 0.1 ಮೈಕ್ರೊಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು 120 ಸಲ, ಒಂದು ಮೆಗ ಓಮ್‌ಗೆ ತಿರುಗಿಸಿದರೆ ಹನ್ನೆರಡು ಸಲ. ಈಗ ಆ ಕಂಡೆನ್ಸರ್‌ನ ಒಂದು ಕಾಲು ಬೋರ್ಡಿಗೆ ಕೂತೇ ಇಲ್ಲ ಎಂದುಕೊಳ್ಳಿ. ತುಂಬಲು ಏನೂ ಇಲ್ಲ, ಆದ್ದರಿಂದ ಐಸಿ ನಮ್ಮ ಕಿವಿಗೆ ಎಟುಕದಷ್ಟು ವೇಗವಾಗಿ ಆಡುತ್ತಿರುತ್ತದೆ. ನೀವು ಬೆರಳಿಟ್ಟಾಗ ನಿಮ್ಮ ಮೈಯೇ ಒಂದು ಸಣ್ಣ ಕಂಡೆನ್ಸರ್ ಆಗಿ, ವೇಗ ತಗ್ಗಿ, ಸಿಳ್ಳೆ ಕೇಳುತ್ತದೆ. ನಾಬ್ ಅನ್ನು ಹೆಚ್ಚು ಓಮ್ ಇರುವ ತುದಿಗೆ ತಿರುಗಿಸಿ ಬೆರಳಿಟ್ಟು ನೋಡಿ, ಇನ್ನೂ ಸ್ಪಷ್ಟವಾಗುತ್ತದೆ. ಔಟ್‌ಪುಟ್‌ನಲ್ಲಿ ಅರ್ಧ ವೋಲ್ಟೇಜ್ ಇದ್ದೂ ಸದ್ದಿಲ್ಲ, ಬೆರಳಿಟ್ಟರೆ ಸಿಳ್ಳೆ ಎಂದಾದರೆ ಹೆಚ್ಚಾಗಿ ಆ ಕಂಡೆನ್ಸರ್ ಡ್ರೈ ಸೋಲ್ಡರ್ ಆಗಿದೆ, ಅಂದರೆ ಬೆಸುಗೆ ಸರಿಯಾಗಿ ಹಿಡಿದಿಲ್ಲ.

ಡ್ರೈ ಸೋಲ್ಡರ್ ಗುರುತಿಸಲು ಬೋರ್ಡನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಳ್ಳೆಯ ಬೆಸುಗೆ ಕಾಲನ್ನು ತಬ್ಬಿಕೊಂಡು ಬೋರ್ಡಿನ ತಾಮ್ರದ ಮೇಲೆ ಇಳಿಜಾರಾಗಿ ಹರಡಿರುತ್ತದೆ, ಹೊಳೆಯುತ್ತದೆ. ಕೆಟ್ಟದ್ದು ಮಬ್ಬಾಗಿ ಉಂಡೆ ಕಟ್ಟಿರುತ್ತದೆ, ಕಾಲಿನ ಸುತ್ತ ಕೂದಲೆಳೆಯಷ್ಟು ಕಪ್ಪು ಉಂಗುರ ಕಾಣುತ್ತದೆ. ಸೋಲ್ಡರಿಂಗ್ ಐರನ್‌ನ ತುದಿಯನ್ನು ಕಾಲಿಗೂ ತಾಮ್ರಕ್ಕೂ ಒಟ್ಟಿಗೇ ತಾಗಿಸಿ, ಎರಡೂ ಬಿಸಿಯಾದ ಮೇಲೆ ಸೀಸದ ತಂತಿಯನ್ನು ಎದುರು ಬದಿಯಿಂದ ಕೊಡಿ. ಐರನ್ ತುದಿಯಲ್ಲಿ ಸೀಸ ಕರಗಿಸಿ ತಂದು ಮೆತ್ತುವ ಅಭ್ಯಾಸ ಈಗಲೇ ಬಿಡಿ.

ಒಂದು ನಾಬ್‌ಗೆ ಎಲ್ಲವೂ ಅಲುಗಾಡುವುದು ಸಪ್ಲೈ ಸಮಸ್ಯೆ. 386 ಐಸಿ ಸ್ಪೀಕರ್ ತಳ್ಳುವಾಗ ಸಾದಾ 9 ವೋಲ್ಟ್ ಬ್ಯಾಟರಿ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಆರೂ ಸ್ವರ ಒಟ್ಟಿಗೆ ಓಲಾಡುತ್ತವೆ. 40106ರ 14 ಮತ್ತು 7ರ ನಡುವೆ, ಕಾಲಿಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ, 0.1 ಕಂಡೆನ್ಸರ್ ಕೂತಿದೆಯಾ ನೋಡಿ. 386ರ ಪಕ್ಕ ಸಪ್ಲೈನ ಪ್ಲಸ್ ಮತ್ತು ಮೈನಸ್ ನಡುವೆ 220 ಮೈಕ್ರೊಫ್ಯಾರಡ್‌ನದ್ದೊಂದು ಹಾಕಿ, ಅದರ ಮೈಮೇಲಿನ ಪಟ್ಟೆ ಮೈನಸ್ ಕಡೆಗಿರಲಿ. ಆಮೇಲೂ ಸ್ವಲ್ಪ ಓಲಾಟ ಉಳಿಯುತ್ತದೆ. ಅದನ್ನು ಉಳಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆರು ಸದ್ದು ಒಂದನ್ನೊಂದು ಎಳೆದಾಡುವುದೇ ಈ ಕಿಟ್‌ನ ಜೀವ. ಆದರೆ ಅದು ನೀವು ಬೇಕೆಂದು ಬಿಟ್ಟ ಓಲಾಟವಾಗಿರಬೇಕು.

ಇನ್ನು ಮಳೆ. ನಮ್ಮ ಕಡೆ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಗೋಡೆಯೇ ಬೆವರುತ್ತದೆ, ಬೋರ್ಡ್ ಬಿಡುತ್ತದೆಯೇ? ಬೆಸುಗೆಗೆ ಡಬ್ಬಿಯ ಪೇಸ್ಟ್ ಹಚ್ಚಿದ್ದೀರಿ ಅನಿಸುತ್ತದೆ. ಆ ಜಿಡ್ಡು ತೇವ ಹೀರಿ ಎರಡು ಗೆರೆಗಳ ನಡುವೆ ಸಣ್ಣಗೆ ಕರೆಂಟ್ ಸೋರಿಸುತ್ತದೆ. ಮೆಗ ಓಮ್ ಲೆಕ್ಕದ ನಾಬ್ ಇರುವಲ್ಲಿ ಅಷ್ಟು ಸೋರಿದರೂ ಸ್ವರ ಬದಲಾಗುತ್ತದೆ. ಸೀಸದ ತಂತಿಯ ಒಳಗೇ ರಾಳ ಇರುತ್ತದೆ, ಪೇಸ್ಟ್ ಬೇಕಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಅಡಿಭಾಗ ಉಜ್ಜಿ, ಚೆನ್ನಾಗಿ ಒಣಗಿಸಿ. ಬಳಸದಾಗ ಗಾಳಿಯಾಡದ ಡಬ್ಬದಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಹೊಗೆಯ ಜಿಡ್ಡು ನಾಬ್‌ಗಳ ಒಳಗೆ ಕೂರುತ್ತದೆ.

ಪ್ರಶ್ನೆ: ನನ್ನ ಕಿಟ್‌ನಲ್ಲಿ ಎರಡು ಟ್ರಾನ್ಸಿಸ್ಟರ್‌ನಿಂದ ‘ಶ್...’ ಎಂಬ ಸದ್ದು ಬರುವ ಭಾಗ ಇದೆ. ಹೊಸ ಬ್ಯಾಟರಿ ಹಾಕಿದಾಗ ಬಂತು, ಸ್ವಲ್ಪ ದಿನಕ್ಕೆ ನಿಂತಿತು. ಉಳಿದ ಭಾಗ ಚೆನ್ನಾಗಿದೆ.
— ಓದುಗ, ನಾಪೋಕ್ಲು

ಉತ್ತರ: ಟ್ರಾನ್ಸಿಸ್ಟರ್ ಸುಟ್ಟಿಲ್ಲ, ಬ್ಯಾಟರಿ ಇಳಿದಿದೆ. ಎಫ್‌ಎಂನಲ್ಲಿ ಮಡಿಕೇರಿ ಆಕಾಶವಾಣಿಯಿಂದ ಮುಳ್ಳು ಸ್ವಲ್ಪ ಸರಿಸಿದರೆ ಕೇಳುವ ಜಾತಿಯ ಸದ್ದು ಇದು. ಇಲ್ಲಿ ಅದನ್ನು ಹುಟ್ಟಿಸುವ ದಾರಿ ವಿಚಿತ್ರ: ಮೊದಲ ಟ್ರಾನ್ಸಿಸ್ಟರ್‌ನ ಮೂರು ಕಾಲುಗಳಲ್ಲಿ ಕಲೆಕ್ಟರ್ ಕಾಲನ್ನು ಖಾಲಿ ಬಿಟ್ಟು, ಉಳಿದೆರಡಕ್ಕೆ, ಅಂದರೆ ಬೇಸ್-ಎಮಿಟರ್‌ಗೆ, ಉಲ್ಟಾ ವೋಲ್ಟೇಜ್ ಕೊಡುತ್ತಾರೆ. ಆ ಸಂಧಿ ತಡೆದುಕೊಳ್ಳಲಾರದೆ ಕರೆಂಟ್ ಬಿಡುವಾಗ ಅಡ್ಡಾದಿಡ್ಡಿ ಸದ್ದು ಹುಟ್ಟುತ್ತದೆ, ಎರಡನೇ ಟ್ರಾನ್ಸಿಸ್ಟರ್ ಅದನ್ನು ದೊಡ್ಡದು ಮಾಡುತ್ತದೆ. ಬಿಸಿ547ನಂಥ ಟ್ರಾನ್ಸಿಸ್ಟರ್‌ನಲ್ಲಿ ಈ ಘಟ್ಟ ಆರೇಳು ವೋಲ್ಟ್‌ನಿಂದ ಒಂಬತ್ತರವರೆಗೆ ಎಲ್ಲಾದರೂ ಇರಬಹುದು, ಪೀಸಿನಿಂದ ಪೀಸಿಗೆ ಬೇರೆ. ನಿಮ್ಮದು ಎಂಟರ ಮೇಲಿರಬೇಕು. ಬ್ಯಾಟರಿ ಅದಕ್ಕಿಂತ ಕೆಳಗೆ ಬಂದ ಕೂಡಲೇ ಇದು ಮೌನ, 40106ಕ್ಕೆ ಮೂರು ವೋಲ್ಟ್ ಇದ್ದರೂ ಸಾಕಾದ್ದರಿಂದ ಅದು ಆಡುತ್ತಲೇ ಇದೆ.

ಮೊದಲ ಟ್ರಾನ್ಸಿಸ್ಟರ್ ಜಾಗದಲ್ಲಿ ಮೂರು ತೂತಿನ ಸಾಕೆಟ್ ಬೆಸೆದು, ಅಗ್ಗದ ಬಿಸಿ547 ಒಂದು ಹಿಡಿ ತಂದು ಒಂದೊಂದಾಗಿ ಚುಚ್ಚಿ ಕೇಳಿ. ಹೆಚ್ಚು ಗಲಾಟೆ ಮಾಡುವುದನ್ನು ಇಟ್ಟುಕೊಳ್ಳಿ. ಅಥವಾ 12 ವೋಲ್ಟ್ ಕೊಡಿ: ವೈಫೈ ರೂಟರ್‌ಗೆ ಇಟ್ಟಿರುವ ಸಣ್ಣ ಯುಪಿಎಸ್ ಸಾಕು, ಕರೆಂಟ್ ಹೋದ ರಾತ್ರಿಯೂ ನುಡಿಸಬಹುದು. ಅಂಗಡಿಯ ಹಳೇ ಮಾದರಿಯ ಎಲಿಮಿನೇಟರ್ (ಬ್ಯಾಟರಿ ಬದಲು ಪ್ಲಗ್‌ಗೆ ಚುಚ್ಚುವ ಅಡಾಪ್ಟರ್) ಬೇಡವೇ ಬೇಡ. ಅದರ ಮೇಲೆ 12 ಎಂದಿದ್ದರೂ ಲೋಡ್ ಇಲ್ಲದಾಗ 16 ದಾಟುತ್ತದೆ, ಸಾಮಾನ್ಯ 386 ಐಸಿಗೆ ಹೇಳಿರುವುದು 12ರ ತನಕ ಮಾತ್ರ. ಕಿಟ್‌ನ ಕಂಡೆನ್ಸರ್‌ಗಳ ಮೇಲೆ 16 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಬರೆದಿದೆಯಾ ಅನ್ನುವುದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗ ಇಂಥದೇ ಕಿಟ್ ಬೇಕು ಎಂದು ಹಟ ಹಿಡಿದಿದ್ದಾನೆ. ಸೀಸದ ಹೊಗೆ ಒಳ್ಳೆಯದಲ್ಲ ಅನ್ನುತ್ತಾರೆ. ಸುಮ್ಮನೆ ಗಲಾಟೆ ಮಾಡುವ ಪೆಟ್ಟಿಗೆಯಿಂದ ಏನು ಉಪಯೋಗ?
— ತಾಯಿ, ಗೋಣಿಕೊಪ್ಪಲು

ಉತ್ತರ: ಕೊಡಿಸಿ ಅಮ್ಮಾ. ಮೇಲೇಳುವ ಹೊಗೆ ರಾಳದ್ದು. ಐರನ್‌ನ ಬಿಸಿಗೆ ಸೀಸ ಆವಿಯಾಗುವುದಿಲ್ಲ ಎನ್ನುವಷ್ಟು ಕಡಿಮೆ. ಆದರೆ ಆ ರಾಳದ ಹೊಗೆ ಉಬ್ಬಸ ಇರುವವರಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ನಾವು ಕಿಟಕಿ ಮುಚ್ಚಿ ಕೂರುತ್ತೇವೆ. ಬೆಸುಗೆ ಹಾಕುವಾಗ ಒಂದನ್ನಾದರೂ ತೆರೆದು, ಹೊಗೆ ಆಚೆ ಹೋಗುವಂತೆ ಸಣ್ಣ ಫ್ಯಾನ್ ಇಡಿ. ಸೀಸ ಒಳಗೆ ಹೋಗುವುದು ಕೈಯಿಂದ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ, ತಂತಿಯನ್ನು ಹಲ್ಲಿನಲ್ಲಿ ಕಚ್ಚುವ ಅಭ್ಯಾಸ ಬೇಡವೇ ಬೇಡ. 25 ವಾಟ್ ಐರನ್, ಅದಕ್ಕೊಂದು ಸ್ಟ್ಯಾಂಡ್, ಪಕ್ಕದಲ್ಲಿ ದೊಡ್ಡವರೊಬ್ಬರು.

ಮೊದಲ ಕಿಟ್ ಆಗಿ ಆರು ನಾಬ್‌ನದ್ದು ಬೇಡ, 556 ಐಸಿಯ ಎರಡು ನಾಬ್‌ನದ್ದು ತನ್ನಿ. ಅಮೆರಿಕದ ಫಾರೆಸ್ಟ್ ಮಿಮ್ಸ್ 1980ರಲ್ಲಿ ಪ್ರಕಟಿಸಿದ ಸರ್ಕ್ಯೂಟ್ ಅದು, ಆಮೇಲೆ ಅಟಾರಿ ಪಂಕ್ ಕನ್ಸೋಲ್ ಎಂಬ ಹೆಸರು ಬಂತು. ಒಂದು 556ರ ಒಳಗೆ ಎರಡು 555 ಟೈಮರ್ ಇವೆ. ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಆ 555, ಕಾಲೇಜಿನ ಲ್ಯಾಬ್‌ನಲ್ಲಿ ಇಂದಿಗೂ ಮೊದಲು ಕೈಗೆ ಸಿಗುವ ಐಸಿ. ಹುಡುಗ ನಾಬ್ ತಿರುಗಿಸಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವುದನ್ನು ಕೇಳಿದ ಮೇಲೆ ಪಠ್ಯಪುಸ್ತಕದ ‘ಆವೃತ್ತಿ’ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಬಾಯಿಪಾಠ ಮಾಡಬೇಕಿಲ್ಲ.

ಗಲಾಟೆ ಎಂದಿರಿ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದಿತ್ತು. ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಬಂದು ಅದನ್ನು ಅಣಿಗೊಳಿಸಿಕೊಟ್ಟರು, ಸಂಗೀತಗಾರ್ತಿ ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಕೆಲಸ ಮಾಡಿದರು. ನಮ್ಮ ದೇಶದಲ್ಲಿ ಇದಕ್ಕೆ ಅಷ್ಟು ಹಳೆಯ ಬೇರಿದೆ. ನಿಮ್ಮ ಮಗ ಕೇಳುತ್ತಿರುವುದು ಆಟಿಕೆಯನ್ನಲ್ಲ ಎಂದು ನನಗೆ ನಿಜವಾಗಿ ಅನಿಸುತ್ತದೆ.

ಪ್ರಶ್ನೆ: ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ಗೆಳೆಯ ದುಡಿ (ಸಣ್ಣ ಚರ್ಮವಾದ್ಯ) ಬಾರಿಸುವಾಗ ಜೊತೆಗೆ ಕಿಟ್ ನುಡಿಸಬೇಕೆಂದಿದ್ದೇನೆ. ಮನೆಯ ಆಂಪ್ಲಿಫೈಯರ್‌ನ ಆಕ್ಸ್‌ಗೆ ನೇರ ಕೊಡಬಹುದಾ?
— ಓದುಗ, ಅಮ್ಮತ್ತಿ

ಉತ್ತರ: ನೇರ ಬೇಡ. ಐಸಿಯ ಔಟ್‌ಪುಟ್ ಪೂರ್ತಿ ಒಂಬತ್ತು ವೋಲ್ಟ್ ಜಿಗಿಯುತ್ತದೆ, ಆಕ್ಸ್‌ಗೆ ಬೇಕಾದ್ದು ಒಂದು ವೋಲ್ಟ್‌ಗಿಂತ ಕಡಿಮೆ. 386ಕ್ಕೆ ಹೋಗುವ ಮುಂಚೆಯೇ ಸದ್ದು ತೆಗೆದುಕೊಳ್ಳಿ: ಒಂದು ಮೈಕ್ರೊಫ್ಯಾರಡ್ ಕಂಡೆನ್ಸರ್, ಅದರ ಹಿಂದೆ ಸಾಲಾಗಿ ನೂರು ಕಿಲೋ ಓಮ್, ಆಮೇಲೆ ಗ್ರೌಂಡ್‌ಗೆ ಹತ್ತು ಕಿಲೋ. ಆ ಹತ್ತರ ಮೇಲಿಂದ ಆಕ್ಸ್ ತಂತಿ ಎಳೆದರೆ 0.8 ವೋಲ್ಟ್ ಸಿಗುತ್ತದೆ. ಮೊದಲು ವಾಲ್ಯೂಮ್ ಸೊನ್ನೆಯಲ್ಲಿಟ್ಟು ನಿಧಾನಕ್ಕೆ ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಪರೀಕ್ಷೆ ಮಾಡಬೇಡಿ. ದುಡಿಯ ಪೆಟ್ಟು ಚಿಕ್ಕದು, ಚುರುಕು. ನೀವು ಎರಡು ನಾಬ್ ಮಾತ್ರ ತೆರೆದು, ಒಂದನ್ನು ಟಕ್ ಟಕ್ ಅನ್ನುವಷ್ಟು ನಿಧಾನಕ್ಕೆ ಇಳಿಸಿ ಅವನ ತಾಳಕ್ಕೆ ಹೊಂದಿಸಿ. ಉಳಿದ ನಾಲ್ಕನ್ನು ಮುಚ್ಚಿಡಿ, ಇಲ್ಲದಿದ್ದರೆ ದುಡಿ ಯಾರ ಕಿವಿಗೂ ಬೀಳುವುದಿಲ್ಲ.