ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆಯುತ್ತಿದ್ದರೆ ಮೊದಲು ಬಲಗಡೆ ಚಕ್ರ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಒಂಬತ್ತು ವರ್ಷದ ಕಾರು. ಸುಮ್ನೆ ಓಡಿಸುವಾಗ ನೇರ ಹೋಗುತ್ತದೆ, ಬ್ರೇಕ್ ಒತ್ತಿದ ಕೂಡಲೇ ಎಡಕ್ಕೆ ಎಳೆಯುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ. ಈಗ ಎಡಗಡೆ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಬದಲಿಸಬೇಕು ಅನ್ನುತ್ತಿದ್ದಾರೆ, ಬದಲಿಸಲೇ?

ದಯವಿಟ್ಟು ಸ್ವಲ್ಪ ತಡೆಯಿರಿ. ಎಡಗಡೆಗೆ ಕೈ ಹಾಕುವ ಮೊದಲು ಬಲಗಡೆ ಮುಂದಿನ ಚಕ್ರ ಬಿಚ್ಚಿಸಿ ನೋಡಿ. ಗಾಡಿ ಎಳೆಯುವುದು ಬ್ರೇಕ್ ಚೆನ್ನಾಗಿ ಹಿಡಿಯುವ ಕಡೆಗೆ. ಎತ್ತಿನ ಗಾಡಿಯಲ್ಲಿ ಒಂದು ಎತ್ತು ನಿಂತು ಇನ್ನೊಂದು ನಡೆದರೆ ಗಾಡಿ ನಿಂತ ಎತ್ತಿನ ಕಡೆಗೇ ತಿರುಗುತ್ತದೆ ಅಲ್ವಾ, ಹಾಗೆ. ಎಡಕ್ಕೆ ಎಳೆಯುತ್ತಿದೆ ಅಂದರೆ ಎಡಗಡೆ ಬ್ರೇಕ್ ತನ್ನ ಕೆಲಸ ಮಾಡುತ್ತಿದೆ, ಬಲಗಡೆಯದು ಮಾಡುತ್ತಿಲ್ಲ ಅನ್ನುವುದೇ ಜಾಸ್ತಿ.

ನಾನು ತೀರ್ಥಹಳ್ಳಿ ಕಡೆಯವನು. ಒಂದು ಮಳೆಗಾಲ ಕಾರು ಎರಡು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಹೊರಗೆ ತೆಗೆದ ಮೇಲೆ ನಿಮ್ಮದೇ ಕಥೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಆಮೇಲೆ ಆಗುಂಬೆ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿದೆ, ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಡಕ್ಕೆ ತಿರುಗಿತು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಮಾರನೇ ದಿನವೇ ಪರಿಚಯದ ಮೆಕ್ಯಾನಿಕ್ ಜೊತೆ ಕೂತು ಚಕ್ರ ಬಿಚ್ಚಿದೆವು.

ಬಲಗಡೆ ಕ್ಯಾಲಿಪರ್‌ನ ಎರಡು ಪಿನ್ನುಗಳಲ್ಲಿ ಒಂದು ಕೈಯಲ್ಲೇ ಜಾರಿತು. ಇನ್ನೊಂದು ಅಲುಗಾಡಲಿಲ್ಲ. ತಿರುಪಿ ತಿರುಪಿ ಎಳೆದಾಗ ಬಂತು, ಮೈಯೆಲ್ಲ ಕಂದು ತುಕ್ಕು. ಮೇಲಿನ ರಬ್ಬರ್ ಟೋಪಿ ಹರಿದು ಒಳಗೆ ನೀರು ಹೋಗಿತ್ತು. ನಮ್ಮ ಸಾಮಾನ್ಯ ಕಾರುಗಳಲ್ಲಿ ಪಿಸ್ಟನ್ ಇರುವುದು ಡಿಸ್ಕಿನ ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಈ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ಹಿಡಿಸಬೇಕು. ಪಿನ್ನು ಜಾಮ್ ಆದರೆ ಹೊರಗಿನ ಪ್ಯಾಡ್ ಸರಿಯಾಗಿ ಹಿಡಿಯುವುದೇ ಇಲ್ಲ. ನಮ್ಮದರಲ್ಲಿ ಒಳಗಿನ ಪ್ಯಾಡ್ ಸವೆದು 3 ಮಿ.ಮೀ.ಗೆ ಬಂದಿತ್ತು, ಹೊರಗಿನದು 8 ಮಿ.ಮೀ. ಹಾಗೇ ಉಳಿದಿತ್ತು. ಈ ವ್ಯತ್ಯಾಸ ಕಂಡರೆ ಮೊದಲು ಪಿನ್ನುಗಳನ್ನೇ ನೋಡಬೇಕು.

ಪಿನ್ನು, ಅದು ಕೂರುವ ತೂತು ಎರಡನ್ನೂ ಚೊಕ್ಕ ಮಾಡಿ, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಹಾಕಿದೆವು. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಬೇಡವೇ ಬೇಡ, ಅದಕ್ಕೆ ರಬ್ಬರ್ ಊದಿಕೊಂಡು ಪಿನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಪ್ಯಾಡ್ ಬದಲಿಸುವುದಾದರೆ ಎರಡೂ ಚಕ್ರದ್ದು ಒಟ್ಟಿಗೇ. ಒಂದೇ ಕಡೆ ಹೊಸದು ಹಾಕಿದರೆ ಮತ್ತೆ ಎಳೆತ ಶುರುವಾಗಬಹುದು.

ಪಿನ್ನು ಸರಿ ಇದ್ದರೆ ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ಒಯ್ಯುವ ಹೋಸ್ ಪೈಪಿನ ಮೇಲೆ ಅನುಮಾನ ಪಡಿ. ಹಳೆಯ ರಬ್ಬರ್ ಪೈಪು ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿ ದಾರಿ ಕಿರಿದಾಗಿರುತ್ತದೆ. ಬ್ರೇಕ್ ಆಯಿಲ್ ನಿಧಾನ ಹೋಗುತ್ತದೆ, ನಿಧಾನ ವಾಪಸ್ ಬರುತ್ತದೆ. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆದು, ಕಾಲು ತೆಗೆದ ಮೇಲೆ ಸ್ವಲ್ಪ ಹೊತ್ತು ಬಲಕ್ಕೆ ಎಳೆದರೆ ಬಲಗಡೆ ಪೈಪಿನದೇ ತಪ್ಪು ಇರಬಹುದು. ಖಾತ್ರಿ ಮಾಡಿಕೊಳ್ಳಲು ಜಾಕಿ ಎತ್ತಿ, ಒಮ್ಮೆ ಬ್ರೇಕ್ ಒತ್ತಿ ಬಿಟ್ಟು ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರ್‌ನ ನಿಪ್ಪಲ್ (ಆಯಿಲ್, ಗಾಳಿ ಹೊರಗೆ ಬಿಡುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿತೋ, ಒತ್ತಡ ಹಿಂದಕ್ಕೆ ಬರಲಾಗದೆ ಅಲ್ಲೇ ಸಿಕ್ಕಿಕೊಂಡಿತ್ತು ಅಂತ. ಆಗಲೂ ಬಿಗಿಯಾಗಿಯೇ ಇದ್ದರೆ ಪಿಸ್ಟನ್ನೋ ಪಿನ್ನೋ ಜಾಮ್. ನಿಪ್ಪಲ್ ಮುಟ್ಟಿದ ಮೇಲೆ ಬ್ರೇಕ್ ಆಯಿಲ್‌ನೊಳಗೆ ಸೇರಿದ ಏರ್ ತೆಗೆಯಲೇಬೇಕು, ರೂಢಿ ಇಲ್ಲದಿದ್ದರೆ ಈ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಆಕ್ಸಲ್ ಬೂಟ್ (ಚಕ್ರ ತಿರುಗಿಸುವ ಆಕ್ಸಲ್‌ನ ಕೀಲಿನ ಮೇಲಿನ ರಬ್ಬರ್ ಹೊದಿಕೆ) ಹರಿದು ಗ್ರೀಸ್ ಪ್ಯಾಡಿಗೆ ಸಿಡಿದಿದೆಯಾ ಅಂತಲೂ ನೋಡಿ. ಗ್ರೀಸ್ ಕುಡಿದ ಪ್ಯಾಡನ್ನು ತೊಳೆದು ಮತ್ತೆ ಹಾಕಬೇಡಿ.

ಇದಕ್ಕೆಲ್ಲ ಮೊದಲು ಖರ್ಚಿಲ್ಲದ ಎರಡು ಕೆಲಸ ಇವೆ. ನಾಲ್ಕೂ ಟೈರಿನ ಗಾಳಿ ನೋಡಿಸಿ. ಆಮೇಲೆ ಮಟ್ಟಸವಾದ ಖಾಲಿ ಜಾಗದಲ್ಲಿ 40 ಕಿ.ಮೀ. ವೇಗದಿಂದ ಮೆಲ್ಲಗೆ ಬ್ರೇಕ್ ಹಾಕಿ ನೋಡಿ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರಾಗಿರುತ್ತವೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ತುಸು ಎಡಕ್ಕೆ ಎಳೆದಂತೆ ಅನಿಸುವುದು ಸಹಜ. ನಿಮ್ಮದು ಅಷ್ಟೇ ಆಗಿದ್ದರೆ ದುಡ್ಡು ಉಳಿಯಿತು.

ರಿಪೇರಿ ಆಗುವವರೆಗೆ ಘಾಟಿ ಕಡೆ ಹೋಗಬೇಡಿ, ಹೆದ್ದಾರಿಯೂ ಬೇಡ. ಒದ್ದೆ ರಸ್ತೆಯಲ್ಲಿ ಈ ಎಳೆತ ಗಾಡಿಯನ್ನೇ ತಿರುಗಿಸಿಬಿಡಬಹುದು. ಚಕ್ರ ಬಿಚ್ಚಿದಾಗ ಬಲಗಡೆಯ ಒಳ ಪ್ಯಾಡ್, ಹೊರ ಪ್ಯಾಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.